ವನಗೂರು ಏರಿನ ಹಳದಿ ದೀಪ

ಗಗನಾ ಕಾರಿನ ಮುಂಗಾಜಿನ ಕೆಳಗಿನ ಸಂದಿಯಿಂದ ಸಿಲ್ವರ್ ಓಕ್ ಎಲೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಳು. ವೈಪರ್ ಎತ್ತಿ ನಿಲ್ಲಿಸಿ, ಎರಡು ಬೆರಳು ಒಳಗೆ ಹಾಕಿ, ಕೊಳೆತು ಕಪ್ಪಾದ ಎಲೆಯನ್ನು ಹರಿಯದಂತೆ ಎಳೆದು ಮಕ್ಕರಿಗೆ ಹಾಕುವುದು, ಮತ್ತೆ ಬೆರಳು ಹಾಕುವುದು. ಅವಳ ಅಪ್ಪ ಶಾಂತಮಲ್ಲಪ್ಪನವರು ಪಕ್ಕದಲ್ಲೇ ಸ್ಟೂಲಿನ ಮೇಲೆ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಕಾರಿನ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಕೊಂಡಿದ್ದರು. ಎಲ್ಲ ಪುಟ ಮಗುಚಿ ಆಗಿತ್ತು. ಈಗ ಅರ್ಧ ಗಂಟೆಯಿಂದ ಒಂದೇ ಪುಟದಲ್ಲಿದ್ದರು.

ಕಾಫಿ ರೇಟು ಮತ್ತೆ ಏರಿದ ಮೇಲೆ, ಎರಡು ಸಾವಿರದ ಏಳರಲ್ಲಿ ಕೊಂಡ ಕಾರು ಅದು. ಜರ್ಮನಿಯದು, ಬೆಳ್ಳಿ ಬಣ್ಣ. ವನಗೂರಿನ ಸುತ್ತ ಜೀಪು ಮಾತ್ರ ಓಡಾಡುತ್ತಿದ್ದ ರಸ್ತೆಗಳಲ್ಲಿ ಅದು ಮೊದಲ ಸಲ ಬಂದಾಗ ಎಸ್ಟೇಟಿನ ಕೂಲಿಲೈನಿನ ಹೆಂಗಸರೆಲ್ಲ ಕೆಲಸ ಬಿಟ್ಟು ಬೇಲಿಯ ಹತ್ತಿರ ನಿಂತು ನೋಡಿದ್ದರು. ಶಾಂತಮಲ್ಲಪ್ಪನವರಿಗೆ ಅದೊಂದೇ ಶೋಕಿ. ಬೀಡಿ ಇಲ್ಲ, ಇಸ್ಪೀಟಿಲ್ಲ. ಸಂಜೆ ಹೊತ್ತು ಶೆಡ್ಡಿಗೆ ಬಂದು ಸುಮ್ಮನೆ ಒಂದು ಸುತ್ತು ಹಾಕಿ ಹೋಗುತ್ತಿದ್ದರು.

ದೀಪಾವಳಿಗೆ ಎರಡು ದಿನ ಇರುವಾಗ ವನಗೂರಿನ ಏರಿನಲ್ಲಿ ಸ್ಟೇರಿಂಗಿನ ಮುಂದೆ ಹಳದಿ ದೀಪವೊಂದು ಹತ್ತಿಕೊಂಡಿತು. ಹತ್ತಿಕೊಂಡದ್ದೇ ತಡ, ಕಾರಿನ ದಮ್ಮು ಅಡಗಿತು. ಎಷ್ಟು ತುಳಿದರೂ ಎತ್ತಿನ ಗಾಡಿಯ ವೇಗ. ಮಂಗಳೂರಿನ ವರ್ಕ್‌ಶಾಪಿಗೆ ಒಯ್ದರು. ಅಲ್ಲಿನ ಹುಡುಗ ಕಂಪ್ಯೂಟರ್ ಸಿಕ್ಕಿಸಿ ನೋಡಿ, ದೀಪ ಆರಿಸಿ, ಡೀಸೆಲ್ ಸರಿಯಿಲ್ಲದೆ ಇರಬಹುದು ಅಂದ. ಶಾಂತಮಲ್ಲಪ್ಪನವರ ಕಿವಿಗೆ 'ಇರಬಹುದು' ಬೀಳಲಿಲ್ಲ. ಮನೆಗೆ ಬಂದವರೇ ಡ್ರೈವರ್ ಜೋನನ್ನು ಕರೆದರು.

ಜೋ ಆಲೂರಿನವನು. ಅವನ ಅಜ್ಜನ ಕಾಲಕ್ಕೆ ಮಂಗಳೂರು ಕಡೆಯಿಂದ ಬಂದು ನೆಲೆಸಿದ ಮನೆತನ. ಹನ್ನೆರಡು ವರ್ಷ ಇವರ ಜೀಪು ಓಡಿಸಿ, ಆಮೇಲೆ ಕಾರು ಹಿಡಿದಿದ್ದ.

"ಬಂಕಿನಲ್ಲಿ ಹಾಕ್ಸು ಅಂತ ದುಡ್ಡು ಕೊಟ್ರೆ, ಸ್ಟೋರಿನ ಡ್ರಮ್ಮಿಂದ ಹಣ್ಣು ಬಿಡಿಸೋ ಪಲ್ಪರ್ ಇಂಜಿನ್ನಿನ ಹಳೇ ಡೀಸೆಲ್ ಸುರ್ದು ದುಡ್ಡು ಜೇಬಿಗಿಳಿಸಿದ್ದೀಯಲ್ಲೋ?"

"ಬಿಲ್ ಐತೆ ಸಾರ್. ತೋರಿಸ್ಲಾ?"

"ಬಿಲ್ಲು ಯಾರ್ ಬೇಕಾದ್ರೂ ಬರೆಸ್ಕೊಂಡ್ ಬರ್ತಾರೆ."

ಜೋ ಕೈ ಒರೆಸಿಕೊಂಡು ಕಾರಿನ ಕೀಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಒಳಬಾಗಿಲಲ್ಲಿ ನಿಂತಿದ್ದ ಗಗನಾಳಿಗೆ, "ಬತ್ತೀನಿ ಗಗನಮ್ಮ," ಎಂದು ಹೇಳಿ ಬಸ್ಸಿಗೆ ನಡೆದುಬಿಟ್ಟ. ಹೊಸ ಡೀಸೆಲ್ ತುಂಬಿಸಿದ ಮೇಲೆ ಮೂರು ದಿನ ಕಾರು ಚೆನ್ನಾಗಿಯೇ ಓಡಿತು. ನಾಲ್ಕನೆಯ ದಿನ ಅದೇ ಏರಿನಲ್ಲಿ ಅದೇ ದೀಪ. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಲು ಆ ದಿನವೂ ಶಾಂತಮಲ್ಲಪ್ಪನವರಿಂದ ಆಗಲಿಲ್ಲ. ಆಮೇಲೆ ದಿನ ಕಳೆದಂತೆ ಅದು ಇನ್ನಷ್ಟು ಕಷ್ಟವಾಯಿತು.

ಕಳ್ಳ ಎನ್ನುವ ಹೆಸರು ಎಸ್ಟೇಟಿನಿಂದ ಎಸ್ಟೇಟಿಗೆ ಬಸ್ಸಿಗಿಂತ ಬೇಗ ಹೋಗುತ್ತದೆ. ಜೋನಿಗೆ ಎಲ್ಲೂ ಕೆಲಸ ಸಿಗಲಿಲ್ಲ. ಕೊನೆಗೆ ಪಕ್ಕದ ಎಸ್ಟೇಟಿನ ನಂಜುಂಡಯ್ಯನವರು ಹೇಳಿಕಳಿಸಿದ್ದರು: ಅವನು ಕೆಲಸ ಕೇಳಿಕೊಂಡು ಬಂದಿದ್ದಾನೆ, ಭಾನುವಾರ ಸಂಜೆ ಬರುತ್ತೇನೆ, ನಿಮ್ಮ ಮಾತು ಕೇಳಿಯೇ ಇಟ್ಟುಕೊಳ್ಳುತ್ತೇನೆ. ಇವತ್ತೇ ಭಾನುವಾರ. ಇಪ್ಪತ್ತೆರಡು ವರ್ಷದ ಗಗನಾ ಬೆಳಗಿನಿಂದ ಅದನ್ನೇ ಯೋಚಿಸುತ್ತಿದ್ದಳು. ಜೋ ಕದ್ದಿಲ್ಲವೆಂದು ಅವಳಿಗೆ ಗೊತ್ತು. ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಕಾಮಾಲೆಯಾಗಿ ಸಕಲೇಶಪುರದ ಸ್ಕೂಲು ಬಿಟ್ಟವಳು ಮತ್ತೆ ಹೋಗಿರಲಿಲ್ಲ. ಹೊರಗಿನವರ ಮುಂದೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ನೋಡುವುದು ಮಾತ್ರ ನೋಡುತ್ತಿದ್ದಳು.

"ಏನ್ ಬರ್ದೈತೆ ಅಪ್ಪಾಜಿ?" ಎಂದು ಕೊನೆಗೆ ಕೇಳಿದಳು.

"ಹತ್ರದ ಡೀಲರನ್ನ ಕಾಣಿ ಅಂತ ಬರ್ದೈತೆ. ಯಾವ ಪುಟ ತೆಗುದ್ರೂ ಕೊನೆಗೆ ಅದೇ. ಇಷ್ಟು ದಪ್ಪ ಪುಸ್ತಕ ಯಾಕ್ ಬೇಕಿತ್ತು, ಒಂದ್ ಚೀಟಿ ಸಾಕಿತ್ತಪ್ಪ."

"ಹತ್ರದ್ದು ಅಂದ್ರೆ ಮಂಗಳೂರೇ?"

"ಇನ್ನೇನು. ಶಿರಾಡಿ ಘಾಟಿ ಗುಂಡಿ ಇಳ್ದು ಹೋಗೋದ್ರೊಳ್ಗೆ ಇನ್ನೊಂದ್ ನಾಲ್ಕ್ ದೀಪ ಹತ್ಕೊಂಡಿರ್ತವೆ."

ಗಗನಾ ಕೈ ತೊಳೆದು ಬಂದು, ಹಳೆಯ ಕ್ಯಾಲೆಂಡರಿನ ಒಂದು ಹಾಳೆಯನ್ನು ಅಪ್ಪನ ಮುಂದೆ ಹಿಡಿದಳು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಐದು ಸಾಲು ಬರೆದಿದ್ದಳು.

"ದೀಪ ಹತ್ತೋದು ಏರಲ್ಲಲ್ಲ ಅಪ್ಪಾಜಿ. ಏರಿಗೆ ಮುಂಚೆ ಮೋರಿ ಹತ್ರ ಗುಂಡಿ ಐತಲ್ಲ, ಅದ್ರೊಳ್ಗೆ ಚಕ್ರ ಇಳ್ದಾಗ. ಏರಿಗೆ ಹೋದ್ಮೇಲೆ ನಮಗೆ ಗೊತ್ತಾಗೋದು, ಅಷ್ಟೆ. ಐದ್ ಸಲದಲ್ಲಿ ನಾಲ್ಕ್ ಸಲ ಹಂಗೇ ಆಗೈತೆ."

"ಇನ್ನೊಂದ್ ಸಲ?"

"ನೀವು ಸಿಟ್ಟಲ್ಲಿ ಬಾನೆಟ್ ಎತ್ತಿ ದಬಾರಂತ ಹಾಕಿದ್ರಲ್ಲ, ಅವತ್ತು."

ಶಾಂತಮಲ್ಲಪ್ಪನವರು ಹಾಳೆಯನ್ನು ಕನ್ನಡಕದ ಹತ್ತಿರ ತಂದು ಎರಡು ಸಲ ಓದಿದರು. ಆಮೇಲೆ ಮಗಳ ಮುಖ ನೋಡಿದರು.

"ಕುಲುಕಾಡಿದ್ರೆ ಹತ್ತುತ್ತೆ ಅಂದ್ರೆ, ಎಲ್ಲೋ ತಂತಿ ಸಡ್ಲ ಆಗೈತೆ ಕಣವ್ವ."

ತಂತಿಯಾದರೆ ಡೀಸೆಲ್ ಅಲ್ಲ. ಇದು ಇಬ್ಬರಿಗೂ ಹೊಳೆಯಿತು.

ಕಾರನ್ನು ಶೆಡ್ಡಿನಿಂದ ಹೊರಗೆ ತಂದು, ಇಂಜಿನ್ ಶುರು ಮಾಡಿ, ಬಾನೆಟ್ ಎತ್ತಿ ನಿಲ್ಲಿಸಿದರು. ಶಾಂತಮಲ್ಲಪ್ಪನವರು ಒಳಗೆ ಕುಳಿತು ದೀಪ ಕಾಯುವುದು. ಗಗನಾ ಸೆರಗನ್ನು ಸೊಂಟಕ್ಕೆ ಬಿಗಿದು, ತಿರುಗುವ ಬೆಲ್ಟಿನಿಂದ ದೂರವಿದ್ದು, ಕೈಗೆ ಸಿಗುವ ತಂತಿಗಳನ್ನು ಒಂದೊಂದಾಗಿ ಮೆಲ್ಲಗೆ ಅಲುಗಾಡಿಸುವುದು. ಹಸುವಿನ ಮೈಯಲ್ಲಿ ಉಣ್ಣೆಹುಳ ಹುಡುಕುವಂತೆ ಅವಳು ಬೆರಳಾಡಿಸುತ್ತ ಹೋದಳು. ಬ್ಯಾಟರಿಯ ಕಡೆಯದು ಏನೂ ಇಲ್ಲ. ಇಂಜಿನ್ನಿನ ತಲೆಯ ಮೇಲಿನದು ಏನೂ ಇಲ್ಲ. ಗಾಳಿ ಸೋಸುವ ಪೆಟ್ಟಿಗೆಯಿಂದ ದಪ್ಪ ಕೊಳವೆ ಹೊರಡುವ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಪ್ಲಗ್ಗಿತ್ತು. ಅದನ್ನು ಮುಟ್ಟಿದ್ದೇ ಇಂಜಿನ್ ಒಮ್ಮೆ ಬಿಕ್ಕಿತು.

"ಹತ್ತಿತು!" ಎಂದು ಶಾಂತಮಲ್ಲಪ್ಪನವರು ಒಳಗಿನಿಂದ ಕೂಗಿದರು. "ಏನ್ ಮುಟ್ದೆ?"

ಕೀ ತೆಗೆದು, ಬ್ಯಾಟರಿಯ ತಂತಿ ಕಳಚಿ, ಇಬ್ಬರೂ ಬಗ್ಗಿ ನಿಂತರು. ಪ್ಲಗ್ಗಿನ ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಎಳೆದಾಗ ಅದು ಬಿಗಿಯಾಗಿ, ಪುಡಿ ಉದುರಿಸುತ್ತ ಬಂತು. ಒಳಗಿನ ಸಣ್ಣ ಹಿತ್ತಾಳೆ ಕಡ್ಡಿಗಳಿಗೆಲ್ಲ ನೀಲಿ ಹಸಿರು ಕಿಲುಬು ಹತ್ತಿತ್ತು.

"ಇದ್ಯಾವ ಬಣ್ಣ ಮಾರಾಯ್ತಿ," ಎಂದರು ಶಾಂತಮಲ್ಲಪ್ಪನವರು ಉಗುರಿನಿಂದ ಕೆರೆಯುತ್ತ. "ಮೈಲುತುತ್ತ ಇದ್ದಂಗೈತಲ್ಲ. ಸುಣ್ಣನೂ ಐತೆ. ಗಿಡಕ್ಕೆ ಹೊಡೆಯೋ ಬೋರ್ಡೋ ಔಷಧಿ ಇಲ್ಲಿಗೆ ಎಲ್ಲಿಂದ ಬಂತು?"

ಗಗನಾಳಿಗೆ ಆಯುಧಪೂಜೆ ನೆನಪಾಯಿತು.

ಆಯುಧಪೂಜೆಯ ಹಿಂದಿನ ದಿನ ಎಸ್ಟೇಟಿನಲ್ಲಿ ಕಬ್ಬಿಣ ಅನ್ನುವುದೆಲ್ಲ ಸ್ನಾನ ಮಾಡಬೇಕು. ಪಲ್ಪರ್, ಜೀಪು, ಕತ್ತಿ, ಗುದ್ದಲಿ, ಕೊನೆಗೆ ಅಡುಗೆಮನೆಯ ಈಳಿಗೆಮಣೆ ಕೂಡ. ಈ ಸಲ ಜೋ ತಾಯಿಗೆ ಹುಷಾರಿಲ್ಲವೆಂದು ಎರಡು ದಿನ ಆಲೂರಿಗೆ ಹೋಗಿದ್ದ. ಅವನು ಎಂದೂ ಈ ಕಾರಿನ ಇಂಜಿನ್ನಿಗೆ ನೀರು ತೋರಿಸಿದವನಲ್ಲ. ಒದ್ದೆ ಬಟ್ಟೆ ಹಿಂಡಿ ಒರೆಸುತ್ತಿದ್ದ. ವರ್ಷಕ್ಕೊಂದು ಪೂಜೆಗೆ ಬರೀ ಒರೆಸುವುದೇ ಎಂದು ಗಗನಾಳಿಗೆ ಅನಿಸಿತ್ತು. ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಪಂಪಿಗೆ ಬಕೀಟು ನೀರು ಕೊಟ್ಟು, ಲೈನಿನ ಈರಮ್ಮನ ಕೈಯಲ್ಲಿ ಒತ್ತಿಸಿ, ತಾನೇ ನಳಿಕೆ ಹಿಡಿದು ಇಂಜಿನ್ನಿಗೆ ಸಂದಿಗೊಂದಿ ಬಿಡದೆ ಹೊಡೆದಿದ್ದಳು. ಒಂದು ವಾರದ ಹಿಂದಷ್ಟೇ ಆ ಪಂಪಿನಲ್ಲಿ ಬೋರ್ಡೋ ಹೊಡೆದು ಮುಗಿಸಿದ್ದರು. ಮೊದಲ ನೀರು ತುಸು ನೀಲಿಯಾಗಿ ಬಂದದ್ದನ್ನು ನೋಡಿದ್ದಳು. ತೊಳೆದು ಹೋಗುತ್ತದೆ ಬಿಡು ಅಂದುಕೊಂಡಿದ್ದಳು. ಮಾರನೆಯ ದಿನ ಅಪ್ಪ ಬಾನೆಟ್ ಎತ್ತಿ, ಬೆಳಗಿದ ಪಾತ್ರೆ ಹಂಗೈತೆ ನೋಡು ಎಂದು ಬಂದವರಿಗೆಲ್ಲ ತೋರಿಸಿದ್ದರು.

ಈಗ ಸುಮ್ಮನಿದ್ದರೆ ಆಗಿಯೇ ಹೋಗುತ್ತಿತ್ತು. ಕಿಲುಬು ತೆಗೆದು, ಪ್ಲಗ್ಗು ಸಿಕ್ಕಿಸಿ, ಬಾನೆಟ್ ಮುಚ್ಚಿದರೆ ಮುಗಿಯಿತು. ಯಾರೂ ಕೇಳುವವರಿರಲಿಲ್ಲ.

"ಆಯುಧಪೂಜೆಗೆ ಇಂಜಿನ್ ತೊಳ್ದಿದ್ದು ನಾನು ಅಪ್ಪಾಜಿ," ಎಂದಳು. "ಔಷಧಿ ಪಂಪಲ್ಲಿ. ಅದ್ರೊಳ್ಗಿಂದ್ಲೇ ಬಂದಿರೋದು."

ಶಾಂತಮಲ್ಲಪ್ಪನವರು ಬಗ್ಗಿದ್ದ ಬೆನ್ನನ್ನು ನಿಧಾನವಾಗಿ ನೆಟ್ಟಗೆ ಮಾಡಿದರು. ಸಿಟ್ಟಾಗುತ್ತಾರೆಂದು ಗಗನಾ ಕಾದಳು. ಅವರು ಸಿಟ್ಟಾಗಲಿಲ್ಲ.

"ಪೂಜೆಗೆ ಅಂತ ತೊಳ್ದಿದ್ದು. ಅದ್ರಲ್ಲಿ ತಪ್ಪೇನೈತೆ," ಎಂದರು. "ಯಾರ ಮುಂದೂ ಹೇಳಾಕ್ ಹೋಗ್ಬೇಡ. ಮೂವತ್ತು ವರ್ಷ ಕಾಫಿ ತೋಟ ಮಾಡಿದೋರ ಮನೇಲಿ ಕಾರಿಗೂ ಬೋರ್ಡೋ ಹೊಡುದ್ರು ಅಂತ ಸಕಲೇಶಪುರದ ತನಕ ನಗ್ತಾರೆ."

"ಜೋ ಅಣ್ಣ..."

"ಅದ್ನ ಆಮೇಲೆ ನೋಡಾಣ. ಹಳೇ ಟೂತ್‌ಬ್ರಶ್ ಇದ್ರೆ ತಗಂಬಾ."

ಅವಳು ಬ್ರಶ್ಶನ್ನೂ, ಔಷಧಿ ಡಬ್ಬಿಯಲ್ಲಿದ್ದ ಸ್ಪಿರಿಟ್ಟನ್ನೂ ತಂದಳು. ಒಂದು ಗಂಟೆ ಕೂತು ಉಜ್ಜಿದರು. ಕಡ್ಡಿ ಬಾಗದಂತೆ, ಒಂದೊಂದನ್ನೇ, ಹಿತ್ತಾಳೆ ಹೊಳೆಯುವ ತನಕ. ಬಿಸಿಲಿಗಿಟ್ಟು ಒಣಗಿಸಿ, ಪ್ಲಗ್ಗನ್ನು ಟಕ್ಕೆನ್ನುವವರೆಗೆ ಒತ್ತಿ, ಬ್ಯಾಟರಿ ಕೂಡಿಸಿದರು. ಇಂಜಿನ್ ಶುರು ಮಾಡಿದಾಗ ದೀಪ ಹತ್ತಲಿಲ್ಲ. ಬ್ಯಾಟರಿ ತೆಗೆದದ್ದಕ್ಕೆ ರೇಡಿಯೋ ಮಾತ್ರ ಮುನಿಸಿಕೊಂಡು ಗುಪ್ತ ನಂಬರು ಕೇಳತೊಡಗಿತು. "ಹಾಡು ಇಲ್ದಿದ್ರೆ ಹೋಗ್ಲಿ, ಓಡಿದ್ರೆ ಸಾಕು," ಎಂದರು ಶಾಂತಮಲ್ಲಪ್ಪನವರು.

ಮೋರಿಯ ಗುಂಡಿಯಲ್ಲಿ ಬೇಕೆಂದೇ ಎರಡು ಸಲ ಚಕ್ರ ಇಳಿಸಿ ಹತ್ತಿಸಿದರು. ಏರಿನಲ್ಲಿ ಕಾಲು ಒತ್ತಿದರೆ ಕಾರು ಎದೆ ಮುಂದೆ ಮಾಡಿಕೊಂಡು ಹೊರಟಿತು. ತುದಿಯ ತಿರುವಿನಲ್ಲಿ ನಿಲ್ಲಿಸಿ ಶಾಂತಮಲ್ಲಪ್ಪನವರು ಜೋರಾಗಿ ನಕ್ಕರು. ತಿಂಗಳಿಂದ ಅಪ್ಪ ಹಾಗೆ ನಕ್ಕಿದ್ದನ್ನು ಗಗನಾ ಕಂಡಿರಲಿಲ್ಲ. ಅವಳಿಗೂ ನಗು ಬಂತು.

ಐದು ಗಂಟೆಗೆ ನಂಜುಂಡಯ್ಯನವರು ಬಂದರು. ಜೀಪು ನಿಲ್ಲಿಸಿ ಮೆಟ್ಟಿಲು ಹತ್ತುವ ಮೊದಲೇ ಶುರು ಮಾಡಿದರು.

"ಏನ್ ಶಾಂತಮಲ್ಲಪ್ನೋರೆ, ನಿಮ್ಮ ಜರ್ಮನ್ ಎಮ್ಮೆ ಎದ್ದು ನಿಲ್ತಾ, ಇಲ್ಲ ಮಂಗಳೂರಿಂದ ಡಾಕ್ಟ್ರು ಬರ್ಬೇಕಾ?"

"ಎದ್ದು ಓಡ್ತು ಬನ್ನಿ. ನಾವೇ ರಿಪೇರಿ ಮಾಡ್ಬುಟ್ವಿ."

"ಅಬ್ಬಬ್ಬಾ! ನಮ್ಮ ಜೀಪಿಗೆ ಆ ತಾಪತ್ರಯನೇ ಇಲ್ಲ ಮಾರಾಯ. ದೀಪ ಇದ್ರೆ ತಾನೆ ಹತ್ತೋದು! ಏನಾಗಿತ್ತಂತೆ?"

"ಏನೋ ಸಣ್ದು. ಒಂದ್ ಪ್ಲಗ್ಗಿಗೆ ನೀರು ಹೋಗಿತ್ತು."

ಗಗನಾಳ ತಾಯಿ ಜಗದಾಂಬ ಕೋಡುಬಳೆಯ ತಟ್ಟೆ ತಂದಿಟ್ಟರು. ಗಗನಾ ಕಾಫಿ ಲೋಟಗಳನ್ನು ಕೊಟ್ಟು ಬಾಗಿಲಿಗೆ ಹಿಂದಾದಳು. ಎಂದಿನಂತೆ ಒಳಗೆ ಹೋಗಬೇಕಿತ್ತು, ಹೋಗಲಿಲ್ಲ. ನಂಜುಂಡಯ್ಯನವರು ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡರು.

"ಅದಿರ್ಲಿ. ಆ ಜೋ ವಿಷ್ಯಕ್ಕೆ ಬಂದೆ. ನಾಳೆ ಬೆಳಿಗ್ಗೆ ಬಾ ಅಂದಿದೀನಿ. ಡ್ರೈವಿಂಗು ಬಿಡಿ, ನಾನೇ ಕಂಡಿದೀನಿ. ಕೈ ಶುದ್ಧ ಐತಾ ಅನ್ನೋದು ಗೊತ್ತಾಗ್ಬೇಕು. ನೀವ್ ಹೂಂ ಅಂದ್ರೆ ಇಟ್ಕೋತೀನಿ, ಇಲ್ಲಾಂದ್ರೆ ಹಂಗೇ ವಾಪಸ್ ಕಳಿಸ್ತೀನಿ."

ಶಾಂತಮಲ್ಲಪ್ಪನವರು ಲೋಟ ಎತ್ತಿದವರು ಹಾಗೇ ಇಳಿಸಿದರು.

"ಕಾಫಿ ಆರ್ತಾ ಐತೆ, ಕುಡೀರಿ. ಈ ಸಲ ಹಣ್ಣು ಕುಯ್ಯಾಕೆ ಜನ ಸಿಕ್ಕಿದ್ರಾ ನಿಮ್ಗೆ?"

"ಸಿಗ್ತಾರೆ ಬಿಡಿ. ನಾನು ಕೇಳಿದ್ದಕ್ಕೆ ಏನಂತೀರಾ?"

"ಅದು... ಹೋದ ವಿಷ್ಯ. ಅದ್ರ ಬಗ್ಗೆ ನಾನೇನ್ ಹೇಳ್ಲಿ."

ನಂಜುಂಡಯ್ಯನವರು ತಲೆಯಾಡಿಸಿದರು. ಅವರಿಗೆ ಉತ್ತರ ಸಿಕ್ಕಂತಾಗಿತ್ತು. "ಹಂಗಾದ್ರೆ ಬೇಡ ಬಿಡಿ," ಎಂದು ಇನ್ನೊಂದು ಕೋಡುಬಳೆಗೆ ಕೈ ಹಾಕಿದರು.

ಗಗನಾ ಬಾಗಿಲಿನಿಂದ ಮುಂದೆ ಬಂದಳು. ತಾಯಿ ಕಣ್ಣಿನಲ್ಲೇ ಒಳಗೆ ಹೋಗು ಎಂದದ್ದನ್ನು ಕಂಡಳು. ದನಿ ತನ್ನದಲ್ಲವೇನೋ ಎಂಬಂತೆ ಸಣ್ಣಗೆ ಹೊರಟಿತು. ಆದರೆ ಮೂವರಿಗೂ ಕೇಳಿಸುವಷ್ಟಿತ್ತು.

"ಅಪ್ಪಾಜಿ, ಜೋ ಅಣ್ಣ ಡೀಸೆಲ್ ಕದ್ದಿಲ್ಲ ಅಂತ ಇವ್ರಿಗೆ ಹೇಳಿ."

ನಂಜುಂಡಯ್ಯನವರ ಕೈ ತಟ್ಟೆಯ ಮೇಲೆಯೇ ನಿಂತಿತು. ಜಗದಾಂಬ ನೆಲ ನೋಡಿದರು. ಶಾಂತಮಲ್ಲಪ್ಪನವರು ಶೆಡ್ಡಿನ ಕಡೆ ಮುಖ ಮಾಡಿ ಕುಳಿತಿದ್ದರು.

"ಹೇಳಿ ಅಪ್ಪಾಜಿ," ಎಂದಳು ಗಗನಾ.