ಶೀರ್ಷಿಕೆ ತಿದ್ದಿದ ಕೈ

ಗ್ರಂಥಾಲಯದ ಜಾಲತಾಣವನ್ನು ನೋಡಿಕೊಳ್ಳುವ ಮೂರನೇ ಮಹಡಿಯ ಕೋಣೆಯಲ್ಲಿ ಇದ್ದದ್ದು ನಾಲ್ಕೇ ಮೇಜು. ಕಿಟಕಿ ಪಕ್ಕದ್ದು ಅಕ್ಕನದು. ವಯಸ್ಸಿನಲ್ಲೂ ಅನುಭವದಲ್ಲೂ ಹಿರಿಯಳಾದ್ದರಿಂದ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಎದುರು ಮೇಜಿನವನ ಹೆಸರು ಮೀಸೆ. ಮೀಸೆ ಬೋಳಿಸಿ ನಾಲ್ಕು ವರ್ಷವಾದರೂ ಹೆಸರು ಮಾತ್ರ ಉಳಿದುಕೊಂಡಿತ್ತು.

ಜಾಲತಾಣದ ಪ್ರತಿ ಪುಟಕ್ಕೂ ಒಂದು ಶೀರ್ಷಿಕೆ ಇರುತ್ತದೆ, ಬ್ರೌಸರಿನ ನೆತ್ತಿಯ ಮೇಲೆ ಟ್ಯಾಬಿನಲ್ಲಿ ಕಾಣುವಂಥದ್ದು. ಅದನ್ನು ಇಷ್ಟು ವರ್ಷ ಒಬ್ಬೊಬ್ಬರು ಒಂದೊಂದು ಪುಟದೊಳಗೆ ತೋಚಿದಂತೆ ಬರೆದಿಟ್ಟಿದ್ದರು. ಅರ್ಧಕ್ಕರ್ಧ ಪುಟಗಳಿಗೆ 'ಮುಖಪುಟ' ಎಂದೇ ಹೆಸರು. ಕಣ್ಣಿದ್ದವರು ಅದನ್ನು ಗಮನಿಸುವುದೇ ಇಲ್ಲ. ಆದರೆ ಕಣ್ಣು ಕಾಣದ ಸಂಗೀತದ ಮೇಷ್ಟ್ರೊಬ್ಬರು ಫೋನ್ ಮಾಡಿದರು.

"ನನ್ನ ಕಂಪ್ಯೂಟರು ಪುಟ ತೆಗೆದ ತಕ್ಷಣ ಅದರ ಹೆಸರು ಓದಿ ಹೇಳುತ್ತಮ್ಮ. ಎಲ್ಲಿಗೆ ಹೋದ್ರೂ ಮುಖಪುಟ ಅಂದ್ರೆ, ನಾನು ಎಲ್ಲಿದೀನಿ ಅಂತ ತಿಳ್ಕೊಳ್ಳೋದು ಹೇಗೆ?"

ಅಕ್ಕನಿಗೆ ನಾಚಿಕೆಯಾಯಿತು. ಎರಡು ವಾರ ಕೂತು, ಇನ್ನೂರಹನ್ನೆರಡು ಪುಟಗಳ ಶೀರ್ಷಿಕೆಗಳನ್ನೂ ಕಿತ್ತು ಒಂದೇ ಫೈಲಿನಲ್ಲಿ ಜೋಡಿಸಿದಳು. ಎಡಕ್ಕೆ ಪುಟದ ಗುರುತು, ಬಲಕ್ಕೆ ಅದರ ಹೆಸರು. ಇನ್ನು ಮೇಲೆ ಯಾವ ಪುಟವಾದರೂ ತನ್ನ ಹೆಸರನ್ನು ಅಲ್ಲಿಂದಲೇ ತರಬೇಕು.

ಮೀಸೆ ಮಾತ್ರ ಮೂಗು ಮುರಿದ. "ಒಂದು ಕಡೆ ಕೈ ತಪ್ಪಿದ್ರೆ ಸಾಕಲ್ಲ ಅಕ್ಕಾ, ಊರಿಗೆಲ್ಲ ಗೊತ್ತಾಗುತ್ತೆ."

"ಕೈ ತಪ್ಪಲ್ಲ ಬಿಡು," ಎಂದಳು ಅಕ್ಕ.

ಹತ್ತೇ ದಿನಕ್ಕೆ ಮೇಷ್ಟ್ರ ಫೋನು ಮತ್ತೆ ಬಂತು. "ಪುಸ್ತಕದ ಅವಧಿ ವಿಸ್ತರಿಸೋಣ ಅಂತ ಹೋದೆ. 'ಸದಸ್ಯತ್ವ ರದ್ದತಿ' ಅಂತು. ನಾನೇನು ತಪ್ಪು ಮಾಡಿದೆ?"

ಅಕ್ಕ ಫೈಲು ತೆರೆದಳು. ಎರಡು ಶೀರ್ಷಿಕೆಗಳು ಅದಲುಬದಲಾಗಿದ್ದವು. ಕೂಡಲೇ ಸರಿಪಡಿಸಿ, ಮೇಷ್ಟ್ರಿಗೆ ಸಮಾಧಾನ ಹೇಳಿ, ಬದಲಾವಣೆಗಳ ದಾಖಲೆ ನೋಡಿದಳು. ಮಂಗಳವಾರ, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷ. ತಿದ್ದಿದವರ ಜಾಗದಲ್ಲಿ ಅವಳದೇ ಹೆಸರು.

ಆ ಹೊತ್ತು ಊಟದ್ದು; ತಾನು ಕೆಳಗೆ ಕ್ಯಾಂಟೀನಿನಲ್ಲಿರುವ ಹೊತ್ತು. ಅಂದರೆ ತನ್ನ ಕಂಪ್ಯೂಟರಿನ ಮುಂದೆ ಇನ್ಯಾರೋ ಕೂತಿದ್ದಾರೆ.

ಅನುಮಾನ ಒಮ್ಮೆ ಒಳಗೆ ಹೊಕ್ಕರೆ ಹಗ್ಗವೆಲ್ಲ ಹಾವೇ. ಮೀಸೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೂತಿರುತ್ತಿದ್ದ. ಅವಳು ಎದ್ದು ಅತ್ತ ನಡೆದರೆ ಪಟ್ಟನೆ ಸ್ಕ್ರೀನು ಬದಲಿಸುತ್ತಿದ್ದ. ಪಕ್ಕದಲ್ಲಿ ಒಂದು ಚೀಟಿ; ಅದರಲ್ಲಿ ಪುಟಗಳ ಗುರುತುಗಳು. ಅವಳು ಕಂಡದ್ದೇ ತಡ, ಚೀಟಿ ಜೇಬು ಸೇರಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡಳು ಅಕ್ಕ. ಎರಡು ದಿನ ತಡೆದು, ಮೂರನೆಯ ದಿನ ಮೇಲಧಿಕಾರಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು. ಸಂಜೆಯೊಳಗೆ ಜಾಲತಾಣದ ಫೈಲುಗಳನ್ನು ತಿದ್ದುವ ಅಧಿಕಾರ ಮೀಸೆಯ ಕೈತಪ್ಪಿತು.

ಮರುದಿನ ಬೆಳಿಗ್ಗೆ ಅವನೇ ಅವಳ ಮೇಜಿಗೆ ಬಂದ. ಮುಖ ಸಪ್ಪಗಾಗಿತ್ತು. ಆ ಚೀಟಿಯನ್ನು ಮುಂದಿಟ್ಟ.

"ಇನ್ನೂ ಮೂರು ಪುಟದ ಹೆಸರು ತಪ್ಪಿದೆ ಅಕ್ಕಾ. ಮೇಷ್ಟ್ರ ಥರ ಕಣ್ಮುಚ್ಚಿ ಎಲ್ಲಾ ಪುಟ ಕೇಳ್ತಾ ಇದ್ದೆ. ಅವತ್ತು ಅಷ್ಟು ಆಡ್ಕೊಂಡು ಈಗ ನಿಮ್ಮ ಕೆಲಸಾನೇ ಮಾಡ್ತಿದೀನಿ ಅಂತ ಗೊತ್ತಾದ್ರೆ ನಗ್ತೀರಿ ಅಂತ ಬಚ್ಚಿಟ್ಟೆ."

ಅಕ್ಕ ಪಟ್ಟು ಬಿಡಲಿಲ್ಲ. "ಹಾಗಾದ್ರೆ ಮಂಗಳವಾರ ನಾನು ಊಟಕ್ಕೆ ಹೋದಾಗ ನನ್ನ ಜಾಗದಲ್ಲಿ ಯಾರಿದ್ರು?"

"ನೀವೇ. ಅವತ್ತು ನೀವು ಊಟಕ್ಕೆ ಬರ್ಲೇ ಇಲ್ವಲ್ಲ. ನಾವು ಕೆಳಗಿಳಿಯೋ ಹೊತ್ತಿಗೇ ಅಮ್ಮನ ಆಪರೇಷನ್ ವಿಷ್ಯ ಅಂತ ನಿಮ್ಮ ತಂಗಿ ಫೋನ್ ಮಾಡಿದ್ರು."

ಅಕ್ಕ ಮೊಬೈಲು ತೆಗೆದು ನೋಡಿದಳು. ಮಂಗಳವಾರ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ತಂಗಿಯ ಕರೆ. ಹತ್ತೊಂಬತ್ತು ನಿಮಿಷ ಮಾತು. ಆಗ ನೆನಪಾಯಿತು: ತಂಗಿ ಅಳುತ್ತಿದ್ದಳು, ತಾನು ಹೂಂಗುಟ್ಟುತ್ತಲೇ ಪಟ್ಟಿಯ ಸಾಲುಗಳನ್ನು ಹಿಂದೆಮುಂದೆ ಮಾಡುತ್ತಿದ್ದಳು.

ಅವಳು ಎದ್ದು ನೇರ ಮೇಲಧಿಕಾರಿಯ ಕೋಣೆಗೆ ನಡೆದಳು. ಬಾಗಿಲು ಮುಚ್ಚಲಿಲ್ಲ, ಮೀಸೆಗೂ ಕೇಳಲಿ ಎಂದು. "ತಪ್ಪು ನಂದು ಸಾರ್. ಅವನ ಮೇಲೆ ಸುಮ್ನೆ ಗೂಬೆ ಕೂರಿಸ್ದೆ."

ಮಧ್ಯಾಹ್ನದೊಳಗೆ ಮೀಸೆಗೆ ಅಧಿಕಾರ ಮರಳಿ ಸಿಕ್ಕಿತು. ಅಕ್ಕ ಕ್ಷಮೆ ಕೇಳಿದಳು. ಅವನು ಪರವಾಗಿಲ್ಲ ಎನ್ನಲಿಲ್ಲ. "ಆ ಫೈಲಲ್ಲಿ ಯಾರೇ ಒಂದಕ್ಷರ ತಿದ್ದಿದ್ರೂ ಇನ್ನೊಬ್ರು ನೋಡಿ ಒಪ್ಪಬೇಕು. ಅಷ್ಟು ಮಾಡಿ," ಎಂದ.

ಅವಳು ಅಂದೇ ಆ ನಿಯಮ ಜಾರಿಗೆ ತಂದಳು. ತಪ್ಪಿದ ಮೂರು ಹೆಸರುಗಳನ್ನು ತಿದ್ದಿ ಅವನ ಒಪ್ಪಿಗೆಗೆ ಕಳಿಸಿದಳು. ಎದುರು ಮೇಜಿನಿಂದ ಒಪ್ಪಿಗೆ ಬರಲು ಎರಡು ದಿನ ಹಿಡಿಯಿತು. ತಡವೇಕೆಂದು ಅಕ್ಕ ಒಂದು ಸಲವೂ ಕೇಳಲಿಲ್ಲ.