ದೊಡ್ಡಪ್ಪ ಬೆಳೆದ ಮನೆ, ನಾವಿರುವ ಮನೆ

ಅಪ್ಪ ಬೆಳಿಗ್ಗೆಯಿಂದ ಒಂದೇ ಕೋಟಿನ ತೋಳನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿಯುತ್ತಿದ್ದ. ತೋಳಿನಲ್ಲಿ ಏನೂ ತಪ್ಪಿರಲಿಲ್ಲ. ನಾನು ಎದುರಿಗೆ ಚಾಪೆಯ ಮೇಲೆ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದೆ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವಳಿಗೆ ಅದೇ ಉದ್ಯೋಗ. ಆದರೆ ಅವತ್ತು ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚುತ್ತಿತ್ತು. ಎದ್ದು ಬಾಗಿಲಿಗೆ ಹೋಗುವುದು, ಬೀದಿ ನೋಡುವುದು, ಮತ್ತೆ ಬಂದು ಕೂರುವುದು.

ದೊಡ್ಡಪ್ಪ ಬರುವವರಿದ್ದರು. ಜೊತೆಗೆ ಸ್ಮಾರಕ ಸಮಿತಿಯ ಕಾರ್ಯದರ್ಶಿ. ದೊಡ್ಡಪ್ಪನ ಪಿಟೀಲು ಕೇಳದ ಊರಿಲ್ಲ ಎಂದು ಪತ್ರಿಕೆಗಳು ಬರೆಯುತ್ತವೆ. ಅಂಥವರು ಬೆಳೆದ ಮನೆ ಇಷ್ಟು ಸಣ್ಣದು ಎಂಬುದನ್ನು ಜನ ಟಿಕೆಟು ಕೊಂಡು ನೋಡಬೇಕೆಂದು ಸಮಿತಿಯ ಆಸೆ. ಮನೆ ಅಣ್ಣತಮ್ಮಂದಿರಿಬ್ಬರ ಹೆಸರಿನಲ್ಲಿದೆ. ಇಬ್ಬರೂ ಸಹಿ ಹಾಕಿದರೆ ಇದು ಸ್ಮಾರಕ, ನಮಗೆ ಬಸ್ ಡಿಪೋ ಹಿಂದಿನ ಕಟ್ಟಡದಲ್ಲಿ ಒಂದು ಫ್ಲ್ಯಾಟು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ದೊಡ್ಡಪ್ಪನ ಮೊದಲ ಪಿಟೀಲು ಇಡುತ್ತಾರಂತೆ. ನಾನು ಮಲಗುವುದು, ಓದುವುದು, ಡೈರಿ ಬರೆಯುವುದು ಎಲ್ಲ ಆ ಅಟ್ಟದಲ್ಲೇ. ಇಪ್ಪತ್ತೆರಡು ವರ್ಷಕ್ಕೆ ನನ್ನದು ಅಂತ ಇರುವ ಜಾಗ ಅದೊಂದೇ.

ಇದನ್ನು ಯಾರಿಗಾದರೂ ಹೇಳಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಮೆಷಿನ್ ಓಡುವಾಗ ಯಾರೂ ಮಾತಾಡುವುದಿಲ್ಲ. ತಾತನ ಕಾಲದಲ್ಲಿ ಬಂದ ಕಟ್ಟಳೆ. ಯಾರೋ ಕರೆದರು ಅಂತ ತಾತ ತಲೆಯೆತ್ತಿದ್ದಕ್ಕೆ, ದೊಡ್ಡ ಗಿರಾಕಿಯೊಬ್ಬರ ಕೋಟಿನ ಬೆನ್ನಿನ ಮೇಲೆ ಹೊಲಿಗೆ ಅಡ್ಡದಾರಿ ಹಿಡಿಯಿತಂತೆ. ಅಂದಿನಿಂದ ಮೆಷಿನ್ನಿಗೆ ಮೊದಲ ಮಾತು, ನಮಗೆ ಉಳಿದದ್ದು. ಬಟ್ಟೆ ತಿರುಗಿಸುವಾಗ, ದಾರ ಪೋಣಿಸುವಾಗ, ಆ ಸಂದಿನಲ್ಲಿ ಹೇಳುವುದನ್ನು ಹೇಳಿ ಮುಗಿಸಬೇಕು. ದೊಡ್ಡಪ್ಪ ಪಿಟೀಲು ಕಲಿತದ್ದೂ ಹಾಗೆಯೇ. ಮೆಷಿನ್ ನಿಂತಾಗ ನಾಲ್ಕು ಸ್ವರ, ಓಡಿದಾಗ ಕಮಾನು ಗಾಳಿಯಲ್ಲಿ. ಅವರ ಕಛೇರಿಯ ಮೌನಗಳಲ್ಲಿ ವಿಮರ್ಶಕರು ಏನೇನೋ ಆಳ ಕಾಣುತ್ತಾರೆ. ಅಪ್ಪ ಮಾತ್ರ ರೇಡಿಯೋ ಮುಂದೆ ಕೂತು, "ಈಗ ಕಾಲರ್ ತಿರುಗಿಸ್ತಾ ಇದ್ದಾರೆ ನಿಮ್ಮ ತಾತ," ಎನ್ನುತ್ತಿದ್ದ.

ಹೋದ ವಾರ ಕಾರ್ಯದರ್ಶಿ ಒಬ್ಬರೇ ಬಂದಿದ್ದರು. ಅಪ್ಪ ಗಾಬರಿಯಿಂದ ಪೆಡಲಿನ ಮೇಲಿನ ಕಾಲು ತೆಗೆಯಲೇ ಇಲ್ಲ. ಅವರು ಮೆಷಿನ್ನಿಗಿಂತ ಜೋರಾಗಿ ಸ್ಮಾರಕದ ವಿಷಯವೆಲ್ಲ ಹೇಳಿದರು. ಅಪ್ಪ, ಅಮ್ಮ, ನಾನು ಮೂವರೂ ಕಲ್ಲಿನ ಹಾಗೆ ಕೇಳಿದೆವು. "ಹಾಗಾದ್ರೆ ಎಲ್ರಿಗೂ ಒಪ್ಪಿಗೆ, ಬಹಳ ಸಂತೋಷ," ಎಂದು ಕೈಮುಗಿದು ಹೊರಟೇ ಹೋದರು. ಆಮೇಲೆ ಯಾರಾದರೂ ಬಾಯಿ ಬಿಡುತ್ತಾರೆಂದು ಕಾದೆ. ಅಪ್ಪ ಸ್ನಾನಕ್ಕೆ ಹೋದ. ಅಮ್ಮ ಪಾತ್ರೆ ತೊಳೆದಳು. ಅಂದಿನಿಂದ ನಾನು ಅಟ್ಟದಲ್ಲಿ ಕೂತು ಡೈರಿಯ ತುಂಬ ನಾವು ಹೋಗುವುದಿಲ್ಲ, ನಾವು ಬಿಡುವುದಿಲ್ಲ ಎಂದು ಬರೆದದ್ದೇ ಬರೆದದ್ದು.

ಹನ್ನೊಂದರ ಹೊತ್ತಿಗೆ ಕಾರು ಬೀದಿಯ ತುದಿಯಲ್ಲೇ ನಿಂತಿತು, ಒಳಗೆ ಬರಲು ಜಾಗವಿಲ್ಲ. ದೊಡ್ಡಪ್ಪ ನಡೆದು ಬಂದು, ಬಾಗಿಲ ಪಟ್ಟಿಗೆ ತಲೆ ತಾಗದಂತೆ ತಾವಾಗಿ ಬಗ್ಗಿ ಒಳಬಂದರು. ಹಿಂದೆ ಬಂದ ಕಾರ್ಯದರ್ಶಿಯ ಹಣೆ ಟಣ್ ಎಂದಿತು. ಅಪ್ಪ ಎದ್ದು ಅಣ್ಣನ ಕಾಲು ಮುಟ್ಟಿ, ಮರುಕ್ಷಣವೇ ಮೆಷಿನ್ ಮುಂದೆ ಕೂತು ಓಡಿಸತೊಡಗಿದ.

ಕಾರ್ಯದರ್ಶಿ ಹಣೆ ಉಜ್ಜಿಕೊಳ್ಳುತ್ತಲೇ ಭಾಷಣ ಶುರುಮಾಡಿದರು. ದೊಡ್ಡಪ್ಪ ಬಟ್ಟೆ ಕತ್ತರಿಸುವ ಹಲಗೆಯ ಅಂಚಿನಲ್ಲಿ ಕೂತು ಏನೋ ಹೇಳಲು ಬಾಯಿ ತೆರೆದರು. ಮೆಷಿನ್ ಕಡೆ ನೋಡಿದರು. ಬಾಯಿ ಮುಚ್ಚಿದರು. ಇಷ್ಟು ದೇಶ ಸುತ್ತಿದವರು, ಅಲ್ಲಿ ತಾತನ ಮಗನಾಗಿ ಕೂತಿದ್ದರು.

"ಒಂದು ಸಹಿ, ಅಷ್ಟೇ," ಎಂದು ಕಾರ್ಯದರ್ಶಿ ಕಾಗದವನ್ನು ಮೆಷಿನ್ನಿನ ಮೂಲೆಯಲ್ಲಿಟ್ಟರು. ಅಪ್ಪನ ಎಡಗೈ ಬಟ್ಟೆಯ ಮೇಲೇ ಇತ್ತು, ಬಲಗೈ ಪೆನ್ನು ತೆಗೆದುಕೊಂಡಿತು. ಕಾಲು ಮಾತ್ರ ತುಳಿಯುತ್ತಲೇ ಇತ್ತು.

"ದೊಡ್ಡಪ್ಪ, ನಮಗ್ಯಾರಿಗೂ ಈ ಮನೆ ಬಿಡೋಕೆ ಇಷ್ಟ ಇಲ್ಲ."

ನನ್ನದೇ ದನಿ. ಮೆಷಿನ್ ಓಡುತ್ತಿರುವಾಗಲೇ ಆಡಿದ್ದೆ. ಅಪ್ಪನ ಕಾಲು ನಿಂತಿತು, ಸೂಜಿ ಬಟ್ಟೆಯೊಳಗೆ ಉಳಿಯಿತು.

"ಏನೇ ಅದು, ದೊಡ್ಡಪ್ಪನ ಮುಂದೆ," ಎಂದ ಅಪ್ಪ. ಬೈಗುಳದಲ್ಲಿ ಒಂದಿಷ್ಟೂ ಖಾರವಿರಲಿಲ್ಲ.

"ಹೌದೇನೋ?" ಎಂದರು ದೊಡ್ಡಪ್ಪ.

"ನೀನು ಆಸೆಪಟ್ಟಿದ್ದೀಯ ಅಣ್ಣ. ನಾನೇನು ಹೇಳ್ಲಿ?"

"ನಾನೆಲ್ಲಿ ಆಸೆಪಟ್ಟೆ? ನೀವೇ ಸಂತೋಷವಾಗಿ ಕೊಡ್ತಿದ್ದೀರ ಅಂದ್ರು ಇವರು."

ಇಬ್ಬರೂ ಕಾರ್ಯದರ್ಶಿಯನ್ನು ನೋಡಿದರು. "ಯಾರೂ ಬೇಡ ಅನ್ಲಿಲ್ಲ ಸಾರ್," ಎಂದರು ಅವರು.

"ಈ ಮನೇಲಿ ಮೆಷಿನ್ ಓಡ್ತಿದ್ರೆ ಸೂರಿಗೆ ಬೆಂಕಿ ಬಿದ್ರೂ ಯಾರೂ ಬಾಯಿ ಬಿಡಲ್ಲ ಕಣ್ರೀ. ಆ ಕಾಗದ ಎತ್ತಿಡಿ. ಆಯ್ತು, ಮುಗೀತು," ಎಂದರು ದೊಡ್ಡಪ್ಪ.

ನನ್ನ ಎದೆ ಹಗುರಾಯಿತು. ಒಂದು ಗಳಿಗೆ, ಅಷ್ಟೇ. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ತಲೆ ಬಗ್ಗಿಸಿ ಹೊರಬಂದಳು. ಅಟ್ಟ ಅಷ್ಟು ತಗ್ಗು. ಅದರ ಕೆಳಗಿನ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಮಧ್ಯಾಹ್ನವೂ ಬಲ್ಬು ಉರಿಯಬೇಕು.

"ಭಾವ, ನಾನು ಹೋಗ್ತೀನಿ," ಎಂದಳು. "ಇವಳು ನಮಗ್ಯಾರಿಗೂ ಅಂದ್ಲಲ್ಲ, ಅದರಲ್ಲಿ ನಾನಿಲ್ಲ. ನನ್ನ ಯಾರೂ ಕೇಳಿಲ್ಲ."

ಅಪ್ಪ ಪೂರ್ತಿ ತಿರುಗಿ ಕೂತ. "ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ವಲ್ಲೇ."

"ನಿಮ್ಮ ಮೆಷಿನ್ ಯಾವಾಗ ಬಿಡುವು ಕೊಡ್ತು?"

"ರಾತ್ರಿ ನಿಲ್ಲಿಸ್ತೀನಲ್ಲ."

"ಆಗ ಗೊರಕೆ ಓಡುತ್ತೆ."

ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ನಗಲಿಲ್ಲ. ಕಾರ್ಯದರ್ಶಿಯ ಕಡೆ ತಿರುಗಿ, "ಆ ಫ್ಲ್ಯಾಟಿನ ಅಡುಗೆಮನೆಗೆ ಕಿಟಕಿ ಇದೆಯಾ?" ಎಂದಳು.

"ಇದೆ ಅಮ್ಮ. ಇರ್ಬೇಕು."

"ಇರ್ಬೇಕು ಅಂದ್ರೇನು? ನಡೀರಿ, ನೋಡ್ಕೊಂಡು ಬರೋಣ." ಆಗಲೇ ಅವಳು ಚಪ್ಪಲಿಗೆ ಕಾಲು ತೂರಿಸಿದ್ದಳು.

ಕಾರು ಬೇಡವೆಂದು ಎಲ್ಲರೂ ನಡೆದೇ ಹೊರಟೆವು. ಅಮ್ಮ ಎಲ್ಲರಿಗಿಂತ ಮುಂದೆ. ಅಪ್ಪ ಕೊರಳಿನ ಟೇಪು ತೆಗೆಯುವುದನ್ನೂ ಮರೆತು ಅವಳ ಹಿಂದೆ ಓಡುನಡಿಗೆಯಲ್ಲಿ. ಒಂದು ವಾರದಿಂದ ಬರೆದ ಆ 'ನಾವು' ಎಂಬುದರಲ್ಲಿ ನಾನೊಬ್ಬಳೇ ಇದ್ದೆನೇ? ಅಮ್ಮನ ಮೇಲೆ ಸಿಟ್ಟು ಬಂತು. ಸಿಟ್ಟಿಗೆ ಕಾರಣ ಹುಡುಕಿದರೆ ಒಂದೂ ಸಿಗದೆ ಇನ್ನಷ್ಟು ಬಂತು.

ದೊಡ್ಡಪ್ಪ ನನ್ನ ಪಕ್ಕಕ್ಕೆ ಬಂದರು. "ಗುಬ್ಬಿ, ನಿನಗೆ ಅಟ್ಟ ಬಿಡೋಕೆ ಇಷ್ಟ ಇಲ್ಲ. ಅಷ್ಟೇ ತಾನೆ?"

"ಹೂಂ."

"ನನಗೆ ನಿನ್ನ ವಯಸ್ಸಲ್ಲಿ ಆ ಅಟ್ಟ ಯಾವತ್ತು ಬಿಟ್ಟು ಓಡ್ತೀನೋ ಅನ್ನಿಸ್ತಿತ್ತು."

"ಹಾಗಾದ್ರೆ ಅಲ್ಲಿ ನಿಮ್ಮ ಪಿಟೀಲನ್ನ ಗಾಜಿನ ಪೆಟ್ಟಿಗೇಲಿ ಯಾಕೆ ಇಡಿಸ್ತೀರ?"

"ಗೊತ್ತಿಲ್ಲ ಕಣೇ," ಎಂದರು.

ಫ್ಲ್ಯಾಟಿನಲ್ಲಿ ಸುಣ್ಣದ ವಾಸನೆ. ಅಪ್ಪ ನೇರವಾಗಿ ಬಾಗಿಲ ಅಗಲ ಅಳೆದು, "ಮೆಷಿನ್ ಬರುತ್ತೆ," ಎಂದ, ಯಾರೂ ಕೇಳದಿದ್ದರೂ. ನಾನು ಆ ಕೋಣೆಯಿಂದ ಈ ಕೋಣೆಗೆ ಹೋದೆ, ಬಂದೆ. ಎಲ್ಲ ಚೌಕ, ಎಲ್ಲಿ ನಿಂತರೂ ತಲೆ ಬಗ್ಗಿಸಬೇಕಿಲ್ಲ, ಎಲ್ಲಿಯೂ ಅಡಗಿ ಕೂರುವಂತಿಲ್ಲ.

ಅಡುಗೆಮನೆಯಲ್ಲಿ ಕಿಟಕಿ ಇತ್ತು. ಬಣ್ಣ ಅಂಟಿ ಬಿಗಿದಿದ್ದ ಚಿಲಕವನ್ನು ಅಮ್ಮ ಅಂಗೈಯಿಂದ ಗುದ್ದಿ ತೆರೆದಳು. ಡಿಪೋದ ಗೋಡೆ, ತಿರುಗುತ್ತಿರುವ ಒಂದು ಬಸ್ಸು, ಅದರ ಮೇಲೆ ಅಗಲವಾದ ಆಕಾಶ. ಬಿಸಿಲು ಅವಳ ಮೊಣಕೈವರೆಗೆ ಬಿತ್ತು.

"ಒಲೆ ಇಲ್ಲಿಡೋಣ," ಎಂದಳು, ತಿರುಗಿ ನೋಡದೆ.

"ಇಡು," ಎಂದ ಅಪ್ಪ ಹೊರಗಿನಿಂದ. ಕಾರ್ಯದರ್ಶಿ ಕಾಗದವನ್ನು ಮತ್ತೆ ಬಿಚ್ಚುವ ಸದ್ದು ಕೇಳಿಸಿತು. ಈ ಸಲ ಯಾರೂ ಬೇಡ ಅನ್ನಲಿಲ್ಲ, ಮೆಷಿನ್ ಓಡುತ್ತಲೂ ಇರಲಿಲ್ಲ.

ನಾನು ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಸ್ವಲ್ಪ ಪಕ್ಕಕ್ಕೆ ಸರಿದು ಕಿಟಕಿಯಲ್ಲಿ ಜಾಗ ಮಾಡಿದಳು. ಹೋಗಿ ನಿಂತೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.