ಮೇಡಂ ಅವರ ತಲೆನೋವು

ಮಗಳಿಗೆ ಹತ್ತೊಂಬತ್ತು, ಬುದ್ಧಿಯ ಬೆಳವಣಿಗೆ ನಿಧಾನ. ತನ್ನ ಕೆಲಸಗಳನ್ನು ತಾನೇ ಎಷ್ಟು ಮಾಡಿಕೊಳ್ಳುತ್ತಾಳೆಂದು ಅಳೆಯಲು ಕಚೇರಿಯಿಂದ ಒಬ್ಬ ಮೇಡಂ ಬಂದಿದ್ದರು. ಅಂಕ ಜಾಸ್ತಿ ಬಂದರೆ ಹಗಲು ಅವಳ ಜೊತೆಗಿರಲು ಸರ್ಕಾರದವರೇ ಕಳಿಸುವ ಆಯಾಳನ್ನು ನಿಲ್ಲಿಸುತ್ತಾರೆ. ಮಗಳಿಗೆ ತಾಯಿಯಿಲ್ಲ, ನಾನು ಬೇಕರಿಯ ಒಲೆ ಮುಂದೆ. ಆಮೇಲೆ ಮನೆಯಲ್ಲಿ ಅವಳೊಬ್ಬಳೇ.

ಅದಕ್ಕೇ ಮೊದಲೇ ಹೇಳಿಕೊಟ್ಟಿದ್ದೆ: "ಏನು ಕೇಳಿದ್ರೂ ಬರಲ್ಲ ಅನ್ನು, ಪುಟ್ಟಿ."

ಮೇಡಂ ನಗುನಗುತ್ತಲೇ ಒಳಗೆ ಬಂದರು. ಆ ನಗುವೇ ನನಗೆ ಸರಿಬೀಳಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು ತೆಗೆಯುವ ಜನ ಇವರು.

"ತಲೆ ನೀನೇ ಬಾಚ್ಕೋತೀಯೇನಮ್ಮ?"

"ಬರಲ್ಲ."

"ಬಸ್ ಹತ್ತೋಕೆ?"

"ಬರಲ್ಲ."

"ನಿನ್ನ ಹೆಸರೇನು?"

"ಬರಲ್ಲ."

ನಾನು ಕೆಮ್ಮಿದೆ.

"ಗಂಟಲು ಸರಿಯಿಲ್ವಾ?" ಮೇಡಂ ನನ್ನನ್ನೇ ನೋಡಿದರು.

"ಮೈದಾ ಧೂಳು, ಮೇಡಂ."

ಅವರು ಪೆನ್ನು ಕೆಳಗಿಟ್ಟು ಹಣೆ ಒತ್ತಿಕೊಂಡರು. "ಅಯ್ಯೋ, ತಲೆ ಸಿಡೀತಿದೆ."

ಪುಟ್ಟಿ ದಡಕ್ಕನೆ ಎದ್ದು ಅಡುಗೆಮನೆಗೆ ಹೋದಳು. ನಾನು ಹೆದರಲಿಲ್ಲ; ಗ್ಯಾಸಿನ ರೆಗ್ಯುಲೇಟರನ್ನು ಬಂದ್ ಮಾಡಿಯೇ ಇಟ್ಟಿರುತ್ತೇನೆ. ಅವಳು ಬಗ್ಗಿ ಅದನ್ನು ತಿರುಗಿಸಿದಳು. ಒಲೆ ಹಚ್ಚಿ, ನೀರಿಟ್ಟು, ಟೀಪುಡಿ, ಹಾಲು ಹಾಕಿದಳು. ಉಕ್ಕುವ ಮೊದಲೇ ಉರಿ ಸಣ್ಣ ಮಾಡಿದಳು. ಸೋಸಿ, ರೆಗ್ಯುಲೇಟರ್ ಮುಚ್ಚಿ, ಲೋಟ ತಂದು ಮೇಡಂ ಕೈಗಿತ್ತಳು.

"ಯಾರು ಕಲಿಸಿದ್ದು?"

"ಆಯಮ್ಮ. ದಿನಾ ಮಾಡ್ತೀವಿ. ಅಪ್ಪಂಗೆ ಹೇಳ್ಬಾರ್ದು, ಬೈತಾರೆ."

ಹಾಲು ಕಡಿಮೆಯಾಗುತ್ತಿದ್ದುದು ಇದಕ್ಕೆ! ನಾನೋ ಆಯಾಳ ಚೀಲದ ಮೇಲೆ ಕಣ್ಣಿಟ್ಟಿದ್ದೆ.

"ಮತ್ತೆ ನಂಗ್ಯಾಕೆ ಬರಲ್ಲ ಬರಲ್ಲ ಅಂದೆ?"

"ಅದು ಅಪ್ಪ ಹೇಳ್ಕೊಟ್ಟಿದ್ದು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಆಯಾ ಹೋದ್ರೆ ಇವಳ್ನ ಯಾರು ನೋಡ್ಕೋತಾರೆ ಮೇಡಂ?"

ಅವರು ಟೀ ಪೂರ್ತಿ ಕುಡಿದರು. "ಆಯಾ ಇರೋದ್ರಿಂದ್ಲೇ ಕಲ್ತಿದಾಳೆ. ಹಾಗಂತಲೇ ಬರೀತೀನಿ."

"ಅಂದ್ರೆ, ಇರ್ತಾಳೋ, ಹೋಗ್ತಾಳೋ?"

"ಅದನ್ನ ಮೇಲಿನೋರು ಹೇಳ್ಬೇಕು, ಸಾರ್." ಮತ್ತೆ ಅದೇ ನಗು.

ಮೆಟ್ಟಿಲಿಳಿಯುವಾಗ ಏನೋ ಹಾಡು ಗುನುಗುತ್ತಿದ್ದರು. ತಲೆ ಸಿಡಿಯುವವರು ಹಾಡು ಗುನುಗುತ್ತಾರೆಯೇ?

ಒಳಗೆ ಬಂದರೆ ಪುಟ್ಟಿ ಲೋಟ ತೊಳೆಯುತ್ತಿದ್ದಳು.

"ಇನ್ನೂ ಏನೇನು ಬರುತ್ತೆ ನಿಂಗೆ?" ಮೆಲ್ಲಗೆ ಕೇಳಿದೆ.

ಅವಳು ನಲ್ಲಿ ನಿಲ್ಲಿಸಿ, ನನ್ನನ್ನು ಅನುಮಾನದಿಂದ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬರಲ್ಲ," ಅಂದಳು.